ನೂರು ದಿನದ ಜಪಾನಿ ಪದಗಳ ಸವಾಲು: ಆ್ಯಪ್, ಕಾಗದದ ಕಾರ್ಡ್, ಪಠ್ಯಪುಸ್ತಕ – ಯಾರಿಗೆ ಯಾವುದು?

ದಾವಣಗೆರೆಯಲ್ಲಿ ಕೂತು ಜಪಾನಿ ಭಾಷೆ ಕಲಿಯುವವರು ಈಗ ಕಡಿಮೆ ಏನಿಲ್ಲ. ಎಂಜಿನಿಯರಿಂಗ್ ಕೊನೆ ವರ್ಷದವರಿದ್ದಾರೆ, ನರ್ಸಿಂಗ್ ಮುಗಿಸಿದವರಿದ್ದಾರೆ, ಅನಿಮೆ ಅನ್ನುವ ಜಪಾನಿ ಕಾರ್ಟೂನು ನೋಡಿ ಭಾಷೆಯ ಹುಚ್ಚು ಹತ್ತಿಸಿಕೊಂಡ ಪಿಯುಸಿ ಹುಡುಗರಿದ್ದಾರೆ. ಮಕ್ಕಳನ್ನು ಶಾಲೆಗೆ ಕಳಿಸಿ ಅರ್ಧ ಗಂಟೆ ತಮಗಾಗಿ ಎತ್ತಿಡುವ ಗೃಹಿಣಿಯರೂ ಇದ್ದಾರೆ. ಹೆಚ್ಚಿನವರು ತಮ್ಮಷ್ಟಕ್ಕೆ ತಾವೇ ಓದುತ್ತಾರೆ. ವ್ಯಾಕರಣ ನಮಗೆ ಅಷ್ಟು ಕಷ್ಟ ಕೊಡುವುದಿಲ್ಲ. ಜಪಾನಿಯಲ್ಲೂ ಕ್ರಿಯಾಪದ ಕೊನೆಗೇ ಬರುತ್ತದೆ, ವಿಭಕ್ತಿಯೂ ಪದ ಆದ ಮೇಲೆಯೇ ಬರುತ್ತದೆ. ‘ವತಶಿ ವ ಮಿಜು ಒ ನೊಮಿಮಸ್’ ಅಂದರೆ ‘ನಾನು ನೀರನ್ನು ಕುಡಿಯುತ್ತೇನೆ’. ಇದ್ದ ಸಾಲಿನಲ್ಲೇ ಪದಗಳನ್ನು ಬದಲಿಸಿದರೆ ಸಾಕು. ಕೈಕೊಡುವುದು ಪದಗಳೇ. ಸಂಸ್ಕೃತ, ಹಿಂದಿ, ಇಂಗ್ಲಿಷ್ ಯಾವುದರ ನೆಂಟಸ್ತನವೂ ಇಲ್ಲದ ನೂರಾರು ಪದಗಳನ್ನು ತಲೆಯಲ್ಲಿ ಕೂರಿಸಬೇಕು.

ಅದಕ್ಕೇ ಹೊಸಬರೆಲ್ಲ ‘ದಿನಕ್ಕೆ ಹತ್ತು ಪದ, ನೂರು ದಿನ’ ಅಂತ ಸವಾಲು ಹಾಕಿಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಆ ಹತ್ತು ಪದಗಳನ್ನು ಎಲ್ಲಿಂದ ತೆಗೆದುಕೊಳ್ಳಬೇಕು, ಯಾವುದರಲ್ಲಿ ಇಡಬೇಕು, ಅರ್ಥವನ್ನು ಯಾವ ಭಾಷೆಯಲ್ಲಿ ಬರೆಯಬೇಕು ಅನ್ನುವುದರ ಮೇಲೆ ಸವಾಲಿನ ಹಣೆಬರಹ ನಿಂತಿದೆ. ನಾನು ಬಳಸಿ ನೋಡಿದವನ್ನೂ, ಭಾನುವಾರ ಬೆಳಿಗ್ಗೆ ಕುಂದುವಾಡ ಕೆರೆ ಹತ್ತಿರ ನಮ್ಮ ಜೊತೆ ಕೂರುವ ಗೆಳೆಯರು ಬಳಸುತ್ತಿರುವವನ್ನೂ ಇಲ್ಲಿ ಪಕ್ಕಪಕ್ಕ ಇಟ್ಟು ಹೇಳುತ್ತೇನೆ.

ಮೊದಲು ಇದನ್ನು ಕೇಳಿಕೊಳ್ಳಿ: ಪರೀಕ್ಷೆಗೋ, ಮಾತಿಗೋ?

ಜಪಾನಿ ಎಷ್ಟು ಬರುತ್ತದೆ ಅಂತ ಅಳೆಯುವ ಜೆಎಲ್‌ಪಿಟಿ ಪರೀಕ್ಷೆಯಲ್ಲಿ ಐದು ಹಂತ. ಎನ್5 ಸುಲಭದ್ದು, ಎನ್1 ಕಷ್ಟದ್ದು. ಜುಲೈ ಮತ್ತು ಡಿಸೆಂಬರ್ ತಿಂಗಳ ಮೊದಲ ಭಾನುವಾರ ನಡೆಯುತ್ತದೆ. ನಮ್ಮ ಕಡೆಯವರು ಬರೆಯಲು ಬೆಂಗಳೂರಿಗೆ ಹೋಗುತ್ತಾರೆ. ಇದರಲ್ಲಿ ಮಾತಾಡುವ ಭಾಗ ಇಲ್ಲ, ಪ್ರಬಂಧ ಬರೆಯುವ ಭಾಗವೂ ಇಲ್ಲ. ಎಲ್ಲವೂ ಆಯ್ಕೆಯ ಪ್ರಶ್ನೆಗಳೇ. ಅಂದರೆ ಪದ ಕಂಡಾಗ, ಕೇಳಿದಾಗ ಗುರುತು ಹತ್ತಿದರೆ ಸಾಕು. ಎನ್5ಗೆ 180ಕ್ಕೆ 80 ಅಂಕ ಬಂದರೆ ಪಾಸು. ಆದರೆ ಕೇಳುವ ಭಾಗದಲ್ಲಿ 60ಕ್ಕೆ 19 ಬರಲೇಬೇಕು, ಉಳಿದದ್ದರಲ್ಲಿ 120ಕ್ಕೆ 38 ಬರಲೇಬೇಕು. 2010ರಲ್ಲಿ ಪರೀಕ್ಷೆಯ ರೂಪ ಬದಲಾದ ಮೇಲೆ ಅಧಿಕೃತ ಪದಪಟ್ಟಿ ಕೊಡುವುದನ್ನು ನಿಲ್ಲಿಸಿದ್ದಾರೆ. ಅದಕ್ಕೆ ಮುಂಚೆ ಕೆಳಗಿನ ಹಂತಕ್ಕೆ ಸುಮಾರು 800 ಪದ, 100 ಕಂಜಿ (ಚೀನಾದಿಂದ ಬಂದ, ಚಿತ್ರದ ಹಾಗಿರುವ ಅಕ್ಷರ) ಅಂತ ಇತ್ತು. ಅದರ ಮೇಲಿನದಕ್ಕೆ 1500 ಪದ, 300 ಕಂಜಿ. ಎನ್5, ಎನ್4ಕ್ಕೆ ಈಗಲೂ ಎಲ್ಲರೂ ಇದೇ ಅಂದಾಜು ಹಿಡಿಯುತ್ತಾರೆ.

ಕೆಲಸಕ್ಕೆ ಹೋಗುವವರ ದಾರಿ ಬೇರೆ. 2019ರ ಏಪ್ರಿಲ್‌ನಲ್ಲಿ ಜಪಾನ್ ‘ತೊಕುತೇ ಗಿನೋ’ ಅನ್ನುವ ನುರಿತ ಕೆಲಸಗಾರರ ವೀಸಾ ಶುರು ಮಾಡಿತು. 2021ರ ಜನವರಿಯಲ್ಲಿ ಭಾರತದ ಜೊತೆ ಅದಕ್ಕೆ ಒಪ್ಪಂದವೂ ಆಯಿತು. ಇದಕ್ಕೆ ಎನ್4 ಇಲ್ಲವೇ ಜೆಎಫ್‌ಟಿ ಬೇಸಿಕ್ ಅನ್ನುವ, ಕಂಪ್ಯೂಟರಿನಲ್ಲಿ ಬರೆಯುವ ಜಪಾನಿ ಪರೀಕ್ಷೆ ಬೇಕು. ಜೆಎಫ್‌ಟಿಯಲ್ಲಿ 250ಕ್ಕೆ 200 ತೆಗೆಯಬೇಕು. ವಯಸ್ಸಾದವರ ಆರೈಕೆಯ ಕೆಲಸಕ್ಕಾದರೆ ಆ ಕೆಲಸದ ಜಪಾನಿಗೇ ಇನ್ನೊಂದು ಪರೀಕ್ಷೆ ಇದೆ. ಪರೀಕ್ಷೆ ಪಾಸಾದರೂ ಅಲ್ಲಿಗೆ ಹೋದ ಮೇಲೆ ಅಜ್ಜಿಯೊಬ್ಬರು ‘ನೋಯುತ್ತಿದೆ’ ಅಂದಾಗ ಎಲ್ಲಿ, ಹೇಗೆ ಅಂತ ಬಾಯಿ ಬಿಟ್ಟು ಕೇಳಬೇಕಲ್ವಾ? ಇವರಿಗೆ ಗುರುತು ಹತ್ತಿದರೆ ಸಾಲದು, ಪದ ಬಾಯಿಗೇ ಬರಬೇಕು.

ಪದ ನೆನಪಿಡಲು ಒಂದು ಕಡೆ ಪದ, ಇನ್ನೊಂದು ಕಡೆ ಅರ್ಥ ಬರೆದ ಕಾರ್ಡು ಬಳಸುತ್ತೇವೆ. ಹಾಗಾಗಿ ಪರೀಕ್ಷೆಯವರ ಕಾರ್ಡಿನಲ್ಲಿ ಜಪಾನಿ ಮುಂದೆ, ಕನ್ನಡ ಹಿಂದೆ ಇದ್ದರೆ ನಡೆಯುತ್ತದೆ. ಮಾತಿನವರು ಅದೇ ಕಾರ್ಡನ್ನು ಎರಡೂ ಕಡೆಯಿಂದ ಕೇಳಿಕೊಳ್ಳಬೇಕು. ಶ್ರಮ ಹೆಚ್ಚುಕಮ್ಮಿ ದುಪ್ಪಟ್ಟು. ದಿನಕ್ಕೆ ಎಷ್ಟು ಪದ ಅಂತ ತೀರ್ಮಾನಿಸುವ ಮೊದಲೇ ಇದು ಗೊತ್ತಿರಲಿ.

ದಿನಕ್ಕೆ ಐದು, ಹತ್ತು, ಇಪ್ಪತ್ತು

ಸವಾಲು ಹಾಕಿಕೊಳ್ಳುವಾಗ ಹೊಸ ಪದಗಳ ಲೆಕ್ಕ ಮಾತ್ರ ಹಾಕುತ್ತಾರೆ. ಆದರೆ ಇವತ್ತಿನ ಪದ ನಾಳೆ ಮತ್ತೆ ಕಣ್ಣಿಗೆ ಬೀಳಬೇಕು, ನಾಲ್ಕು ದಿನ ಬಿಟ್ಟು ಬೀಳಬೇಕು, ಹತ್ತು ದಿನ ಬಿಟ್ಟು ಇನ್ನೊಮ್ಮೆ. ಮರೆವು ಮೊದಲ ಒಂದೆರಡು ದಿನದಲ್ಲೇ ಜಾಸ್ತಿ, ಆಮೇಲೆ ನಿಧಾನವಾಗುತ್ತದೆ ಅಂತ ಜರ್ಮನಿಯ ಹರ್ಮನ್ ಎಬಿಂಗ್‌ಹೌಸ್ ತನ್ನ ಮೇಲೆಯೇ ಪ್ರಯೋಗ ಮಾಡಿ 1885ರಲ್ಲೇ ಬರೆದಿಟ್ಟಿದ್ದಾರೆ. ಕಾರ್ಡಿನ ಲೋಕದಲ್ಲಿ ಒಂದು ಅಂದಾಜು ಇದೆ: ಕೆಲವು ವಾರ ಕಳೆದ ಮೇಲೆ ದಿನಾ ನೋಡಬೇಕಾದ ಹಳೆಯ ಕಾರ್ಡು ಹೊಸ ಕಾರ್ಡಿನ ಏಳೆಂಟು ಪಟ್ಟು, ಕೆಲವರಿಗೆ ಹತ್ತು ಪಟ್ಟು ಆಗುತ್ತದೆ.

ಇದನ್ನು ನಿಮಿಷಕ್ಕೆ ತಿರುಗಿಸಿ. ದಿನಕ್ಕೆ ಐದು ಹೊಸ ಪದ ಅಂದರೆ ನಲವತ್ತು ಹಳೆಯವು, ಕಾರ್ಡಿಗೆ ಹತ್ತು ಸೆಕೆಂಡು ಅಂದರೂ ಏಳು ನಿಮಿಷ. ಹೊಸದಕ್ಕೆ ಇನ್ನೊಂದು ಐದು. ಒಟ್ಟು ಕಾಲು ಗಂಟೆಯೊಳಗೆ ಮುಗಿಯುತ್ತದೆ. ಹತ್ತು ಪದಕ್ಕೆ ಅರ್ಧ ಗಂಟೆ ಹಿಡಿಯಿರಿ. ಇಪ್ಪತ್ತಕ್ಕೆ ಮುಕ್ಕಾಲು ಗಂಟೆ ದಾಟುತ್ತದೆ, ಅದೂ ದಿನಾ, ಹಬ್ಬ ಹುಣ್ಣಿಮೆ ನೋಡದೆ. ಮೊದಲ ಹತ್ತು ದಿನ ಇಪ್ಪತ್ತು ಪದ ಸಲೀಸು ಅನ್ನಿಸುತ್ತದೆ. ಮೂರನೇ ವಾರ ಹಳೆಯ ಕಾರ್ಡುಗಳು ಗುಡ್ಡೆ ಬಿದ್ದಾಗ ಬಹಳ ಜನ ಬಿಟ್ಟುಬಿಡುತ್ತಾರೆ. ರಜೆಯಲ್ಲಿರುವ ವಿದ್ಯಾರ್ಥಿಗೆ ಬಿಟ್ಟು ಬೇರೆ ಯಾರಿಗೂ ನಾನು ಇಪ್ಪತ್ತು ಹೇಳುವುದಿಲ್ಲ.

ನನಗೆ ಒಪ್ಪಿಗೆಯಾದ ಲೆಕ್ಕ ಬೇರೆಯೇ ಇದೆ. ವಾರದಲ್ಲಿ ಐದು ದಿನ ಹತ್ತು ಹೊಸ ಪದ, ಉಳಿದ ಎರಡು ದಿನ ಹಳೆಯವು ಮಾತ್ರ. ವಾರಕ್ಕೆ ಐವತ್ತು. ಹದಿನಾರು ವಾರಕ್ಕೆ 800. ಜುಲೈ ನಡುವೆ ಶುರು ಮಾಡಿದರೆ ನವೆಂಬರ್ ಮೊದಲ ವಾರಕ್ಕೆ ಎನ್5ರ ಅಂದಾಜು ಪದಗಳು ಮುಗಿಯುತ್ತವೆ, ಡಿಸೆಂಬರ್ ಪರೀಕ್ಷೆಗೆ ನಾಲ್ಕು ವಾರ ಕೈಯಲ್ಲಿ ಉಳಿಯುತ್ತದೆ. ನೂರು ದಿನ ಸ್ವಲ್ಪ ಮೀರುತ್ತದೆ, ಮೀರಲಿ. ಗಣೇಶ ಹಬ್ಬ, ದಸರಾ, ದೀಪಾವಳಿ, ನಡುವೆ ಒಂದು ಮದುವೆ – ಇವನ್ನೆಲ್ಲ ತಡೆದುಕೊಳ್ಳುವ ಸವಾಲು ಇದು. ದಿನ ತಪ್ಪಿದಾಗ ಒಂದೇ ನಿಯಮ: ಮೊದಲು ಹೊಸ ಪದ ನಿಲ್ಲಿಸಿ, ಹಳೆಯದನ್ನು ತೀರಿಸಿ, ಆಮೇಲೆ ಮುಂದಕ್ಕೆ ಹೋಗಿ. ತಪ್ಪಿದ ದಿನದ ಹತ್ತನ್ನು ಮರುದಿನ ಇಪ್ಪತ್ತು ಮಾಡಬೇಡಿ.

ಆಂಕಿಯೋ, ಮಿಠಾಯಿ ಡಬ್ಬಿಯೋ?

ಆಂಕಿ 2006ರಿಂದ ಇರುವ ಕಾರ್ಡ್ ಆ್ಯಪ್. ಕಂಪ್ಯೂಟರಿನಲ್ಲೂ ಆ್ಯಂಡ್ರಾಯ್ಡ್ ಫೋನಿನಲ್ಲೂ ಉಚಿತ, ಐಫೋನಿಗೆ ಮಾತ್ರ ದುಡ್ಡು ಕೊಡಬೇಕು. ಯಾವ ಕಾರ್ಡು ಯಾವತ್ತು ಮತ್ತೆ ಬರಬೇಕು ಅನ್ನುವುದನ್ನು ಅದೇ ಲೆಕ್ಕ ಹಾಕುತ್ತದೆ. ಒಮ್ಮೆ ಇಳಿಸಿಕೊಂಡರೆ ನೆಟ್ ಬೇಡ. ದಾವಣಗೆರೆಯಿಂದ ಹರಿಹರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವವರು ಹೋಗುವಾಗ ಬರುವಾಗಲೇ ಆ ದಿನದ ಹಳೆಯ ಕಾರ್ಡು ಮುಗಿಸುತ್ತಾರೆ. ಕಾರ್ಡಿಗೆ ಧ್ವನಿ ಸೇರಿಸಬಹುದು ಅನ್ನುವುದು ದೊಡ್ಡ ಅನುಕೂಲ. ಕಾಗದಕ್ಕೆ ಬಾಯಿಲ್ಲ.

ಇಳಿಸಿಕೊಂಡ ಕೂಡಲೇ ಮಾಡಬೇಕಾದ ಒಂದು ಕೆಲಸ ಇದೆ. ದಿನಕ್ಕೆ 20 ಹೊಸ ಕಾರ್ಡು ಅಂತ ಆ್ಯಪ್ ತಾನೇ ಇಟ್ಟುಕೊಂಡಿರುತ್ತದೆ. ಸೆಟ್ಟಿಂಗ್‌ಗೆ ಹೋಗಿ ಅದನ್ನು ಹತ್ತಕ್ಕೋ ಐದಕ್ಕೋ ಇಳಿಸಿ. ಇದೊಂದನ್ನು ಮಾಡದೆ ಬಿಟ್ಟವರೇ ‘ಆಂಕಿ ತುಂಬಾ ಹೊರೆ’ ಅಂತ ಹೇಳುವುದನ್ನು ನಾನು ಹೆಚ್ಚು ಕೇಳಿದ್ದೇನೆ.

ಕಾಗದದ ದಾರಿ ಇದಕ್ಕಿಂತ ಹಳೆಯದು. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ಪರಿಚಯಿಸಿದ ಡಬ್ಬಿ ಪದ್ಧತಿ. ಒಂದು ಮಿಠಾಯಿ ಡಬ್ಬಿ ತೆಗೆದುಕೊಳ್ಳಿ, ರಟ್ಟಿನ ಅಡ್ಡಗೋಡೆ ಇಟ್ಟು ಐದು ಖಾನೆ ಮಾಡಿ. ಹೊಸ ಕಾರ್ಡೆಲ್ಲ ಮೊದಲ ಖಾನೆಗೆ. ಸರಿ ಹೇಳಿದರೆ ಮುಂದಿನ ಖಾನೆಗೆ ಹೋಗುತ್ತದೆ, ತಪ್ಪಿದರೆ ಎಲ್ಲೇ ಇದ್ದರೂ ಮೊದಲ ಖಾನೆಗೇ ವಾಪಸ್. ಮೊದಲನೆಯದನ್ನು ದಿನಾ ನೋಡಿ, ಎರಡನೆಯದನ್ನು ದಿನ ಬಿಟ್ಟು ದಿನ, ಮೂರನೆಯದನ್ನು ನಾಲ್ಕು ದಿನಕ್ಕೊಮ್ಮೆ, ನಾಲ್ಕನೆಯದನ್ನು ವಾರಕ್ಕೊಮ್ಮೆ, ಕೊನೆಯದನ್ನು ಹದಿನೈದು ದಿನಕ್ಕೊಮ್ಮೆ. ಕಾರ್ಡಿಗೆ ಹಳೆಯ ಮದುವೆ ಪತ್ರಿಕೆಗಳನ್ನು ಕತ್ತರಿಸಿದರೆ ಗಟ್ಟಿಯಾಗಿರುತ್ತವೆ, ಖರ್ಚೂ ಇಲ್ಲ.

ಕಾಗದದಲ್ಲಿ ಸಿಗುವುದು ಕೈಬರಹ. ಹಿರಗನದಲ್ಲಿ (ಉಚ್ಚಾರ ಬರೆಯುವ ಎರಡು ಜಪಾನಿ ಲಿಪಿಗಳಲ್ಲಿ ಒಂದು, ಇನ್ನೊಂದು ಕತಕನ) ಪದವನ್ನು ನೀವೇ ಬರೆಯುವಾಗ ಅಕ್ಷರವೂ ಕೂರುತ್ತದೆ, ಪದವೂ ಕೂರುತ್ತದೆ. ಫೋನ್ ತೆಗೆದರೆ ಬೇರೆ ಎಲ್ಲೋ ಹೋಗಿಬಿಡುವವರಿಗೂ ಡಬ್ಬಿಯೇ ವಾಸಿ. ಆದರೆ ಐನೂರು ಕಾರ್ಡು ದಾಟಿದ ಮೇಲೆ ಡಬ್ಬಿ ಭಾರವಾಗುತ್ತದೆ, ಯಾವ ಖಾನೆ ಯಾವತ್ತು ಅನ್ನುವುದು ಗೋಜಲಾಗುತ್ತದೆ. ಆದರೂ ಎನ್5ರ ತನಕ ಡಬ್ಬಿಯಲ್ಲೇ ಹೇಗೋ ಸುಧಾರಿಸಬಹುದು. ಎನ್4ಕ್ಕೆ ಹೋಗುವವರು ಆಂಕಿಗೆ ಬರಲೇಬೇಕಾಗುತ್ತದೆ. ಮೊದಲ ಒಂದೂವರೆ ತಿಂಗಳು ಕಾಗದ, ಆಮೇಲೆ ಆ್ಯಪ್ ಅಂತ ದಾಟಿಕೊಂಡವರೂ ನಮ್ಮಲ್ಲಿದ್ದಾರೆ.

ಆಟದ ಹಾಗಿರುವ ಆ್ಯಪ್‌ಗಳ ಬಗ್ಗೆಯೂ ಕೇಳುತ್ತಾರೆ. ದಿನ ತಪ್ಪದೆ ಬಂದಿದ್ದಕ್ಕೆ ಅಂಕ, ಬಣ್ಣ, ಸದ್ದು. ಹಿರಗನ, ಕತಕನ ಅಕ್ಷರ ಗುರುತಿಸಲು ಮೊದಲ ಎರಡು ಮೂರು ವಾರ ಚೆನ್ನಾಗಿವೆ. ಪದಸಂಗ್ರಹ ಬೆಳೆಸಲು ಅವನ್ನೇ ನೆಚ್ಚಬೇಡಿ. ಯಾವ ಪದ ಯಾವಾಗ ಬರಬೇಕು ಅನ್ನುವುದು ನಿಮ್ಮ ಕೈಯಲ್ಲಿ ಇರುವುದಿಲ್ಲ.

ಅರ್ಥ ಕನ್ನಡದಲ್ಲೇ ಬರೆಯಿರಿ

ಈ ಬರಹದಲ್ಲಿ ಒಂದೇ ಮಾತು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಸಿದ್ಧ ಕಾರ್ಡುಗಳು ಸಾವಿರಗಟ್ಟಲೆ ಸಿಗುತ್ತವೆ. ಬಹುತೇಕ ಎಲ್ಲದರಲ್ಲೂ ಅರ್ಥ ಇಂಗ್ಲಿಷಿನಲ್ಲಿ. ಸಮಯ ಉಳಿಯುತ್ತದೆ ನಿಜ. ಆದರೆ ಜಪಾನಿಯಿಂದ ಇಂಗ್ಲಿಷಿಗೆ ಹೋಗಿ, ಅಲ್ಲಿಂದ ಕನ್ನಡಕ್ಕೆ ಬರುವಷ್ಟರಲ್ಲಿ ನಮಗೆ ಸುಮ್ನೆ ಸಿಗುತ್ತಿದ್ದ ಎಷ್ಟೋ ವಿಷಯ ಸೋರಿಹೋಗುತ್ತದೆ.

ಮನೆಯವರ ಪದಗಳನ್ನೇ ತೆಗೆದುಕೊಳ್ಳಿ. ಅನಿ, ಒತೋತೊ ಎರಡಕ್ಕೂ ಇಂಗ್ಲಿಷ್ ಕಾರ್ಡಿನಲ್ಲಿ ‘ಬ್ರದರ್’ ಅಂತ ಬರೆದು, ಮುಂದೆ ದೊಡ್ಡವನು, ಚಿಕ್ಕವನು ಅಂತ ಬಾಲ ಹಚ್ಚಿರುತ್ತಾರೆ. ನಮಗೆ ಅನಿ ಅಂದರೆ ಅಣ್ಣ, ಒತೋತೊ ಅಂದರೆ ತಮ್ಮ, ಅನೆ ಅಂದರೆ ಅಕ್ಕ, ಇಮೋತೊ ಅಂದರೆ ತಂಗಿ. ಮುಗಿಯಿತು. ಜನರನ್ನು ಎಣಿಸುವಾಗ ಜಪಾನಿಗಳು ಹಿತೊರಿ, ಫುತರಿ, ಸನ್ನಿನ್ ಅನ್ನುತ್ತಾರೆ, ವಸ್ತುಗಳಿಗೆ ಹಿತೊತ್ಸು, ಫುತತ್ಸು, ಮಿತ್ತ್ಸು. ಒಬ್ಬ, ಇಬ್ಬರು, ಮೂವರು ಬೇರೆ, ಒಂದು, ಎರಡು, ಮೂರು ಬೇರೆ ಅಂತ ಹುಟ್ಟಿನಿಂದ ಗೊತ್ತಿರುವ ನಮಗೆ ಇದರಲ್ಲಿ ಗೊಂದಲ ಎಲ್ಲಿಂದ ಬರಬೇಕು?

ಬಟ್ಟೆ ವಿಷಯವೂ ಹಾಗೇ. ಅಂಗಿಗೆ ಕಿರು, ಪ್ಯಾಂಟು ಶೂಗಳಿಗೆ ಹಕು, ಟೋಪಿಗೆ ಕಬುರು. ಸೀರೆ ಉಟ್ಟು, ಅಂಗಿ ತೊಟ್ಟು, ಹೂ ಮುಡಿದು, ಚಪ್ಪಲಿ ಮೆಟ್ಟುವ ಭಾಷೆಯವರು ನಾವು. ಒಂದೊಂದಕ್ಕೆ ಒಂದೊಂದು ಕ್ರಿಯಾಪದ ಅಂದರೆ ನಮಗೆ ವಿಚಿತ್ರ ಅನ್ನಿಸುವುದಿಲ್ಲ. ‘ಸುಕಿ’ ಅನ್ನುವ ಪದಕ್ಕೆ ಇಂಗ್ಲಿಷ್ ಕಾರ್ಡು ‘ಲೈಕ್’ ಅಂತ ಹೇಳುತ್ತದೆ, ಓದಿದವರು ಇಷ್ಟಪಟ್ಟ ವಸ್ತುವಿಗೆ, ನಮ್ಮ ‘ಅನ್ನು’ ಇದ್ದ ಹಾಗಿರುವ ‘ಒ’ ಹಚ್ಚುತ್ತಾರೆ. ‘ಇಷ್ಟ’ ಅಂತ ಬರೆದುಕೊಂಡು ನೋಡಿ. ‘ಬೆಣ್ಣೆ ದೋಸೆ ಗ ಸುಕಿ ದೆಸ್’ – ‘ಬೆಣ್ಣೆ ದೋಸೆ ಇಷ್ಟ’. ನಾವು ದೋಸೆಗೆ ‘ಅನ್ನು’ ಹಚ್ಚುವುದಿಲ್ಲ, ಅವರೂ ‘ಒ’ ಹಚ್ಚುವುದಿಲ್ಲ.

ನಮ್ಮ ಭಾನುವಾರದ ಗುಂಪಿನ ನರ್ಸಿಂಗ್ ಹುಡುಗಿಯ ಒಂದು ಕಾರ್ಡು ನನಗೆ ಬಹಳ ಇಷ್ಟ. ಮುಂದೆ ಕತಕನದಲ್ಲಿ ‘ಜುಕಿಜುಕಿ’ ಅಂತ ಬರೆದಿದ್ದಾಳೆ. ಹಿಂದೆ ‘ಪಟಪಟ ಸಿಡಿಯೋದು’ ಅಂತ ಕನ್ನಡದಲ್ಲಿ ಇದೆ, ಪಕ್ಕದಲ್ಲಿ ಊದಿದ ಕೆನ್ನೆಯ ಪುಟ್ಟ ಚಿತ್ರ. ಕೆಳಗೆ ಒಂದು ವಾಕ್ಯ: ‘ಹ ಗ ಜುಕಿಜುಕಿ ಸುರು’, ಹಲ್ಲು ಸಿಡಿಯುತ್ತಿದೆ. ಅದರ ಜೊತೆಯ ಕಾರ್ಡುಗಳೂ ಹಾಗೇ. ಹಿರಿಹಿರಿ ಅಂದರೆ ಚುರುಚುರು ಉರಿ. ಚಿಕುಚಿಕು ಅಂದರೆ ಸೂಜಿ ಚುಚ್ಚಿದ ಹಾಗೆ. ಎದೆ ದೊಕಿದೊಕಿ ಅಂದರೆ ಡವಡವ. ಜಪಾನಿಗಳು ವೈದ್ಯರ ಹತ್ತಿರ ನೋವನ್ನು ಹೀಗೇ ಹೇಳುತ್ತಾರೆ. ನಮ್ಮ ಹಳ್ಳಿಯಿಂದ ಬಂದ ಅಜ್ಜಿಯರೂ ಹೀಗೇ ಹೇಳುತ್ತಾರೆ. ಈ ಪದಗಳಿಗೆ ಇಂಗ್ಲಿಷಿನಲ್ಲಿ ಅರ್ಥ ಬರೆದುಕೊಂಡರೆ ಉರು ಹೊಡೆಯಬೇಕು. ಕನ್ನಡದಲ್ಲಿ ಬರೆದರೆ ಕಿವಿಯೇ ಹಿಡಿದುಕೊಳ್ಳುತ್ತದೆ. ಆರೈಕೆ ಕೆಲಸಕ್ಕೆ ಹೋಗುವವರು ಇಂಥ ಜೋಡಿಪದಗಳಿಗೆ ಒಂದು ಖಾನೆ ಬೇರೆಯೇ ಇಟ್ಟುಕೊಳ್ಳಲಿ.

ಉಚ್ಚಾರಣೆಯನ್ನು ಯಾವ ಲಿಪಿಯಲ್ಲಿ ಬರೆಯಬೇಕು ಅನ್ನುವುದು ಇದಕ್ಕೆ ಹೊಂದಿಕೊಂಡ ಪ್ರಶ್ನೆ. ಹಿರಗನ, ಕತಕನ ಕಲಿಯುವ ತನಕ ಇಂಗ್ಲಿಷ್ ಅಕ್ಷರಕ್ಕಿಂತ ಕನ್ನಡ ಅಕ್ಷರ ಎಷ್ಟೋ ಮೇಲು. ಒಬಸನ್ ಅಂದರೆ ಅತ್ತೆ, ಚಿಕ್ಕಮ್ಮನ ವಯಸ್ಸಿನವರು, ಒಬಾಸನ್ ಅಂದರೆ ಅಜ್ಜಿ. ಬಿರು ಅಂದರೆ ಕಟ್ಟಡ, ಬೀರು ಅಂದರೆ ಬಿಯರ್. ಕಿತೆ ಅಂದರೆ ಬಂದು, ಕಿತ್ತೆ ಅಂದರೆ ಅಂಚೆ ಚೀಟಿ. ಕತೆಗೂ ಕತ್ತೆಗೂ ವ್ಯತ್ಯಾಸ ಕೇಳಿಸುವ ಕಿವಿಗೆ ಇದು ಹೊಸದಲ್ಲ, ನಮ್ಮ ಲಿಪಿ ಇದನ್ನು ಸರಿಯಾಗಿ ತೋರಿಸುತ್ತದೆ. ಆದರೆ ಮೂರನೇ ವಾರಕ್ಕೆ ಈ ಊರುಗೋಲು ಬಿಡಲೇಬೇಕು. ಹಿರಗನ, ಕತಕನ ಒಂದೊಂದರಲ್ಲಿ 46 ಮೂಲ ಅಕ್ಷರ ಇವೆ, ಕಾಗುಣಿತ ಕಲಿತ ನಮಗೆ ದೊಡ್ಡದಲ್ಲ. ಪರೀಕ್ಷೆಯ ಹಾಳೆಯಲ್ಲಿ ಕನ್ನಡ ಇರುವುದಿಲ್ಲವಲ್ಲ.

ಪದಗಳನ್ನು ಎಲ್ಲಿಂದ ತೆಗೆಯಬೇಕು?

ಮೂರು ದಾರಿ ಇವೆ. ಮೊದಲನೆಯದು ಪಠ್ಯಪುಸ್ತಕದ ಸಾಲು. ‘ಮಿನ್ನ ನೊ ನಿಹೊಂಗೊ’ದ ಆರಂಭದ ಎರಡು ಭಾಗಗಳಲ್ಲಿ 25ರಂತೆ 50 ಪಾಠಗಳಿವೆ. ಮೊದಲ ಭಾಗ ಎನ್5ಗೆ, ಎರಡನೆಯದು ಎನ್4ಕ್ಕೆ ಹತ್ತಿರ. ಮುಖ್ಯ ಪುಸ್ತಕ ಪೂರ್ತಿ ಜಪಾನಿಯಲ್ಲಿದೆ, ಅರ್ಥ ಮತ್ತು ವ್ಯಾಕರಣದ ಪುಸ್ತಕವನ್ನು ಬೇರೆ ಕೊಳ್ಳಬೇಕು. ಪದ ಮತ್ತು ವ್ಯಾಕರಣ ಜೊತೆಜೊತೆಗೆ ಬೆಳೆಯುತ್ತವೆ ಅನ್ನುವುದು ಇದರ ಬಲ. ಆದರೆ ಮೊದಲ ಪಾಠದಿಂದಲೇ ಕಂಪನಿ ನೌಕರ, ಬ್ಯಾಂಕ್ ನೌಕರ ಅಂತ ಆಫೀಸಿನ ಲೋಕ. ಎಂಜಿನಿಯರಿಂಗ್ ಹುಡುಗರಿಗೆ ಇದು ಹೊಂದುತ್ತದೆ.

ಎರಡನೆಯದು ಸಂದರ್ಭದ ಸಾಲು. ಜಪಾನ್ ಫೌಂಡೇಶನ್ ‘ಇರೊದೊರಿ’ ಅನ್ನುವ ಪಾಠಗಳನ್ನು ಧ್ವನಿಯ ಸಮೇತ ಉಚಿತವಾಗಿ ಇಳಿಸಿಕೊಳ್ಳಲು ಕೊಟ್ಟಿದೆ. ಜಪಾನಿನಲ್ಲಿ ಬದುಕುವವರಿಗಾಗಿಯೇ ಬರೆದದ್ದು. ಅಂಗಡಿ, ಊಟ, ಕೆಲಸದ ಜಾಗ, ಆರೋಗ್ಯ ಅಂತ ಪದಗಳು ಬರುತ್ತವೆ. ಜೆಎಫ್‌ಟಿಗೆ ಓದುವವರು ಕಣ್ಣುಮುಚ್ಚಿ ಇದನ್ನೇ ಹಿಡಿಯಬಹುದು. ಕೊಳ್ಳುವ ಖರ್ಚಿಲ್ಲ, ಜೆರಾಕ್ಸ್ ದುಡ್ಡು ಅಷ್ಟೇ. ಬೆಳಿಗ್ಗೆ ಕೆರೆ ಏರಿ ಮೇಲೆ ನಡೆಯುವಾಗ ಅದರ ಆಡಿಯೊ ಕಿವಿಗೆ ಹಾಕಿಕೊಂಡರೆ ಹಿಂದಿನ ದಿನದ ಪದಗಳು ವಾಕ್ಯದಲ್ಲಿ ಸಿಗುತ್ತವೆ.

ಮೂರನೆಯದು ಕಂಜಿಯಿಂದ ಶುರು ಮಾಡುವುದು. ವನಿಕನಿ ಅನ್ನುವ ತಾಣ ಈ ದಾರಿಯದ್ದು. 60 ಮೆಟ್ಟಿಲು, ಮೊದಲ ಮೂರು ಉಚಿತ, ಆಮೇಲೆ ಚಂದಾ. ಸುಮಾರು 2000 ಕಂಜಿ, 6000 ಪದ. ಕಂಜಿಯ ರುಚಿ ಹತ್ತಿದರೆ ಬಿಡುವುದಿಲ್ಲ. ಒಂದು ಮರದ ಗುರುತು ‘ಕಿ’, ಮರ. ಎರಡು ಮರ ಪಕ್ಕಪಕ್ಕ ನಿಂತರೆ ‘ಹಯಶಿ’, ತೋಪು. ಮೂರು ಸೇರಿದರೆ ‘ಮೊರಿ’, ಕಾಡು. ಮರದ ಪಕ್ಕ ಮನುಷ್ಯ ನಿಂತರೆ ವಿಶ್ರಾಂತಿ. ಆದರೆ ಒಂದೇ ಕಂಜಿಗೆ ಹಲವು ಓದು. ಭಾನುವಾರ ಅಂದರೆ ‘ನಿಚಿಯೋಬಿ’. ಅದರ ಮೊದಲ ಅಕ್ಷರ, ಕೊನೆಯ ಅಕ್ಷರ ಎರಡೂ ಸೂರ್ಯನ ಗುರುತೇ, ಒಂದು ಕಡೆ ‘ನಿಚಿ’, ಇನ್ನೊಂದು ಕಡೆ ‘ಬಿ’. ಅಲ್ಲದೆ ಇಲ್ಲಿನ ಸಾಲು ಗುರುತಿನ ಸುಲಭ, ಕಷ್ಟ ನೋಡಿ ಹಾಕಿದ್ದು, ಎನ್5 ನೋಡಿ ಅಲ್ಲ. ಎರಡು ಮೂರು ವರ್ಷ ಓದುತ್ತೇನೆ, ಎನ್2 ತನಕ ಹೋಗುತ್ತೇನೆ ಅನ್ನುವವರಿಗೆ ಇದು ಒಳ್ಳೆಯ ಹೂಡಿಕೆ. ಇದೇ ಡಿಸೆಂಬರಿಗೆ ಪರೀಕ್ಷೆ ಇಟ್ಟುಕೊಂಡವರಿಗೆ ಬೇಡ.

ಹಾಗಾದರೆ ನೀವು?

ಎನ್5 ಬರೆಯುವ ವಿದ್ಯಾರ್ಥಿಗೆ ಮಿನ್ನ ನೊ ನಿಹೊಂಗೊ, ಆಂಕಿ, ವಾರಕ್ಕೆ ಐವತ್ತು ಪದ. ಕಾರ್ಡು ನೀವೇ ಮಾಡಿ, ಅರ್ಥ ಕನ್ನಡದಲ್ಲಿ. ಜಪಾನಿಗೆ ಕೆಲಸಕ್ಕೆ ಹೊರಟ ನರ್ಸಿಂಗ್‌ನವರಿಗೆ ಇರೊದೊರಿ, ದಿನಕ್ಕೆ ಐದೇ ಪದ, ಆದರೆ ಎರಡೂ ಕಡೆಯಿಂದ ಕೇಳಿಕೊಳ್ಳಬೇಕು, ಬಾಯಿಬಿಟ್ಟು ಹೇಳಬೇಕು. ಮನೆಗೆಲಸದ ನಡುವೆ ಓದುವವರಿಗೆ ಮಿಠಾಯಿ ಡಬ್ಬಿ, ದಿನಕ್ಕೆ ಐದು. ಅಡುಗೆಮನೆ ಕಟ್ಟೆಯ ಮೇಲೇ ಇರಲಿ. ಅನಿಮೆ ಹುಡುಗರೇ, ನೋಡುವಾಗ ಕಿವಿಗೆ ಬಿದ್ದ ಪದವನ್ನು ಕಾರ್ಡು ಮಾಡಿ, ಆದರೆ ಅಲ್ಲಿನ ಒರಟು ಮಾತನ್ನು ದೊಡ್ಡವರ ಹತ್ತಿರ ಆಡುವಂತಿಲ್ಲ ಅಂತ ಅದರ ಪಕ್ಕ ಗುರುತು ಹಾಕಿಕೊಳ್ಳಿ.

ಒಬ್ಬರೇ ಓದುವುದಾದರೂ ವಾರಕ್ಕೊಮ್ಮೆ ಯಾರಾದರೂ ಒಬ್ಬರ ಮುಂದೆ ಕೂತು ಕಾರ್ಡು ಬದಲಾಯಿಸಿಕೊಳ್ಳಿ. ಇನ್ನೊಬ್ಬರ ಕೈಬರಹದಲ್ಲಿ ಅದೇ ಪದ ಗುರುತು ಹತ್ತುತ್ತದಾ ಅನ್ನುವುದು ಆಗಲೇ ಗೊತ್ತಾಗುವುದು.

ಡಿಸೆಂಬರ್ ಪರೀಕ್ಷೆಯವರು ಅರ್ಜಿಯ ದಿನಾಂಕ ಮರೆಯಬೇಡಿ, ಪರೀಕ್ಷೆಗೆ ತಿಂಗಳುಗಟ್ಟಲೆ ಮುಂಚೆಯೇ ಮುಗಿದುಹೋಗುತ್ತದೆ. ನವೆಂಬರಿನ ಆ ನಾಲ್ಕು ವಾರ ಹೊಸ ಪದ ಒಂದೂ ಬೇಡ. ಪದೇಪದೇ ತಪ್ಪುವ ಕಾರ್ಡುಗಳನ್ನು ಬೇರೆ ತೆಗೆದು ಒಂದೊಂದಕ್ಕೆ ನಿಮ್ಮದೇ ವಾಕ್ಯ ಬರೆಯಿರಿ, ಉಳಿದ ಹೊತ್ತೆಲ್ಲ ಕೇಳುವ ಅಭ್ಯಾಸಕ್ಕೆ ಕೊಡಿ. ಬೆಂಗಳೂರು ಇಲ್ಲಿಂದ ಸುಮಾರು 260 ಕಿಲೋಮೀಟರ್. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋದರೆ ಕೇಳುವ ಭಾಗದಲ್ಲಿ ಕಿವಿ ನಿಲ್ಲುವುದಿಲ್ಲ, ಶನಿವಾರವೇ ಹೊರಡಿ.